ಸೂಚಕಕ್ಕೆ ನಾಳೆ ತಿಳಿದಿರಬಾರದು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಅಮಿಬ್ರೋಕರ್‌ನಂತಹ ತಂತ್ರಾಂಶದಲ್ಲಿ ಷೇರುಬೆಲೆಯ ಸೂಚಕಗಳನ್ನು ತಾವೇ ಬರೆದುಕೊಳ್ಳುತ್ತಿದ್ದಾರೆ. ಸಿದ್ಧ ಸೂಚಕವನ್ನು ಕಣ್ಣುಮುಚ್ಚಿ ನಂಬುವುದಕ್ಕಿಂತ ಇದು ಮೇಲೆಂದೇ ನನ್ನ ಅಭಿಪ್ರಾಯ. ಆದರೆ ಮೊದಲು ಕಾಗದದ ಮೇಲೆ ಕೈಯಾರೆ ಲೆಕ್ಕ ಮಾಡಿ ನೋಡಬೇಕೆಂಬುದು ಈ ಗಣಿತದ ಮೇಷ್ಟರ ಹಠ.

ಅಮೆರಿಕದ ವೆಲ್ಸ್ ವೈಲ್ಡರ್ 1978ರಲ್ಲಿ ಪ್ರಕಟಿಸಿದ ಆರ್‌ಎಸ್‌ಐ ಸೂಚಕವನ್ನೇ ನೋಡಿ. 14 ದಿನಗಳ ಸರಾಸರಿ ಏರಿಕೆಯನ್ನು ಸರಾಸರಿ ಇಳಿಕೆಯಿಂದ ಭಾಗಿಸಿ, ಭಾಗಲಬ್ಧಕ್ಕೆ 1 ಕೂಡಿಸಿ, ಅದರಿಂದ 100ನ್ನು ಭಾಗಿಸಿ, ಬಂದುದನ್ನು 100ರಿಂದ ಕಳೆಯಬೇಕು. ಏರಿಕೆ 2 ರೂಪಾಯಿ, ಇಳಿಕೆ 1 ರೂಪಾಯಿಯಾದರೆ ಉತ್ತರ ಸುಮಾರು 66.7. ಎಂಟನೆಯ ತರಗತಿಯ ಲೆಕ್ಕ! ತೊಡಕಿರುವುದು ‘ಸರಾಸರಿ’ ಎಂಬ ಪದದಲ್ಲಿ. ವೈಲ್ಡರ್ ನಿನ್ನೆಯ ಸರಾಸರಿಯನ್ನು 13ರಿಂದ ಗುಣಿಸಿ, ಇಂದಿನದನ್ನು ಕೂಡಿಸಿ, 14ರಿಂದ ಭಾಗಿಸುತ್ತಾರೆ. ಇಂದಿನದಕ್ಕೆ ಹದಿನಾಲ್ಕರಲ್ಲಿ ಒಂದು ಪಾಲು ತೂಕ. ‘ಇಎಮ್‌ಎ’ ಎಂಬ ಇನ್ನೊಂದು ಸರಾಸರಿಯನ್ನು ಬಳಸಿದರೆ ಅದೇ 14 ದಿನಗಳಿಗೆ ಹದಿನೈದರಲ್ಲಿ ಎರಡು ಪಾಲು. ಹೆಸರು ಒಂದೇ, ಗೆರೆ ಬೇರೆ.

ಅದು ತಿದ್ದಬಹುದಾದ ತಪ್ಪು. ನನ್ನನ್ನು ಕಾಡುವುದು ಇನ್ನೊಂದು. ಅಮಿಬ್ರೋಕರ್‌ನ ‘ರೆಫ್’ ಎಂಬ ಫಂಕ್ಷನ್ನಿಗೆ ಋಣ 1 ಕೊಟ್ಟರೆ ನಿನ್ನೆಯ ಬೆಲೆ ಬರುತ್ತದೆ. ಋಣ ಚಿಹ್ನೆ ಬಿಟ್ಟುಹೋದರೆ ನಾಳೆಯದು. ಹಳೆಯ ದಾಖಲೆಯಲ್ಲಿ ನಾಳೆಯೂ ಇರುವುದರಿಂದ ಲೆಕ್ಕ ನಡೆದೇ ಹೋಗುತ್ತದೆ. (ತಂತ್ರಾಂಶದಲ್ಲಿ ಇದನ್ನು ಪರೀಕ್ಷಿಸುವ ಅನುಕೂಲವಿದೆ, ಬಳಸುವ ವ್ಯವಧಾನ ಬೇಕಷ್ಟೆ.) ಪುಸ್ತಕದ ಕೊನೆಯ ಉತ್ತರ ನೋಡಿ ಬರೆದ ಹುಡುಗನಿಗೆ ನೂರಕ್ಕೆ ನೂರು ಬಂದಂತೆ, ಆ ಸೂಚಕಕ್ಕೂ ಅಂಕ ಬರುತ್ತದೆ.

ಅಂಕಗಳಾದರೆ ಹೋಗಲಿ, ಇದು ಹಣ. ಸೆಬಿಯು 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2021-22ರಿಂದ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರಕ್ಕಿಳಿದ ಬಿಡಿ ವ್ಯಕ್ತಿಗಳಲ್ಲಿ ಶೇ. 93 ಮಂದಿಗೆ ನಷ್ಟವಾಗಿತ್ತು. ಈಚೆಗೆ ಶಿಷ್ಯನೊಬ್ಬ, ತಂದೆಯ ನಿವೃತ್ತಿಯ ಹಣವನ್ನು ಸ್ವಂತ ಸೂಚಕದ ಭರವಸೆಯಲ್ಲಿ ಅಲ್ಲಿಗೇ ಹಾಕಲು ಹೊರಟಿದ್ದ.

ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ದಾಖಲೆಯನ್ನು ಹಿಂದಿನ ಯಾವುದಾದರೊಂದು ದಿನಕ್ಕೆ ನಿಲ್ಲಿಸಿ, ಕೊನೆಯ ಕೆಲವು ದಿನಗಳ ಸೂಚಕದ ಬೆಲೆಗಳನ್ನು ಬರೆದಿಡಿ. ಬಳಿಕ ಮುಂದಿನ ಹತ್ತು ದಿನಗಳನ್ನು ಸೇರಿಸಿ ನೋಡಿ. ಬರೆದಿಟ್ಟದ್ದು ಬದಲಾದರೆ ಸೂಚಕ ಮುಂದಿನ ಪುಟವನ್ನು ಇಣುಕಿದೆ. ಅವನದು ಬದಲಾಯಿತು. ಹಣ ಸದ್ಯಕ್ಕೆ ಅಂಚೆ ಕಚೇರಿಯಲ್ಲಿದೆ.