ಆ ಮೂವರು ಹುಡುಗಿಯರಿಗೆ ನಾವು ಕೊಟ್ಟ ಉತ್ತರ

ಹಿಜಾಬ್ ಧರಿಸಿದ ಮೂವರು ಯುವತಿಯರು ಎಲೆಕ್ಟ್ರಿಕ್ ಗಿಟಾರ್ ಮತ್ತು ಡ್ರಮ್‌ಗಳೊಂದಿಗೆ ವೇದಿಕೆಯ ಮೇಲೆ ಅಬ್ಬರಿಸುತ್ತಿರುವ ವೀಡಿಯೊವೊಂದು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೂ ಬಂತು. ಅದರ ಕೆಳಗೆ ಹರಿದು ಬಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಇದು ಅಂತ್ಯದಿನದ ಕುರುಹು ಎಂದು ಒಬ್ಬರು ಹೇಳಿದ್ದೇ ಅವುಗಳಲ್ಲಿ ಅತ್ಯಂತ ಸೌಮ್ಯವಾದುದು. ಉಳಿದವರು ಆ ಹುಡುಗಿಯರ ಶೀಲದ ಬಗ್ಗೆ, ಅವರನ್ನು ಹೆತ್ತವರ ಬಗ್ಗೆ ತೀರ್ಪು ಕೊಟ್ಟು ಮುಗಿಸಿದ್ದರು. ಅವರು ಯಾರು, ಯಾವ ಊರಿನವರು, ಏನನ್ನು ಹಾಡುತ್ತಿದ್ದಾರೆ ಎಂದು ಒಬ್ಬರೂ ಕೇಳಲಿಲ್ಲ. ಆ ದಿನ ನಾವೂ ಸುಮ್ಮನಿದ್ದೆವು. ಸುಮ್ಮನಿದ್ದದ್ದು ತಪ್ಪೆಂದು ಈಗ ತೋರುತ್ತಿದೆ.

ಅವರು ಇಂಡೋನೇಷ್ಯಾದ ಪಶ್ಚಿಮ ಜಾವಾದ ಗರುತ್ ಜಿಲ್ಲೆಯ ಸಿಂಗಾಜಾಯ ಎಂಬ ಹಳ್ಳಿಗಾಡಿನವರು. ಹಾಡುಗಾರ್ತಿ ಮತ್ತು ಗಿಟಾರ್ ವಾದಕಿ ಮಾರ್ಸ್ಯಾ, ಬಾಸ್ ನುಡಿಸುವ ವಿದಿ, ಡ್ರಮ್ ಬಾರಿಸುವ ಸಿತಿ. ಮೂವರೂ ಒಂದೇ ಇಸ್ಲಾಮಿ ಶಾಲೆಯ ವಿದ್ಯಾರ್ಥಿನಿಯರಾಗಿದ್ದರು. ಅಲ್ಲಿನ ಶಿಕ್ಷಕರೊಬ್ಬರು ಈ ಹಠಮಾರಿ ಮಕ್ಕಳನ್ನು ಹೊರಗಟ್ಟುವ ಬದಲು ಅವರ ಕೈಗೆ ವಾದ್ಯ ಕೊಟ್ಟರು. 2014ರಲ್ಲಿ, ಹದಿನಾಲ್ಕರ ಆಸುಪಾಸಿನ ವಯಸ್ಸಿನಲ್ಲಿ, ಅವರು ತಮ್ಮ ತಂಡಕ್ಕೆ ‘ವಾಯ್ಸ್ ಆಫ್ ಬಾಚೆಪ್ರೊತ್’ ಎಂದು ಹೆಸರಿಟ್ಟುಕೊಂಡರು. ಅವರ ತಾಯ್ನುಡಿಯಾದ ಸುಂಡಾ ಭಾಷೆಯಲ್ಲಿ ಬಾಚೆಪ್ರೊತ್ ಎಂದರೆ ಗದ್ದಲದ್ದು ಎಂದರ್ಥ. ಹೆಸರಿನಲ್ಲಂತೂ ಮೋಸವಿಲ್ಲ. 2023ರಲ್ಲಿ ‘ರೆತಾಸ್’ ಎಂಬ ಆಲ್ಬಂ ಹೊರತಂದರು. ಹೊಲಿಗೆ ಬಿಚ್ಚುವುದು, ಭೇದಿಸಿ ದಾರಿ ತೆರೆಯುವುದು ಎಂಬ ಛಾಯೆ ಆ ಪದಕ್ಕಿದೆ.

ಮುಚ್ಚುಮರೆಯಿಲ್ಲದೆ ಹೇಳುವುದಾದರೆ ಈ ಸಂಗೀತ ನಮಗೆ ಹಿಡಿಸಲಿಲ್ಲ. ಮೊದಲ ಹಾಡು ಕೇಳಿದಾಗ ಮಿಕ್ಸಿಯೊಳಗೆ ಕಲ್ಲು ಬಿದ್ದಂತಾಯಿತು. ನಮ್ಮ ಮಕ್ಕಳು ಹೆವಿ ಮೆಟಲ್ ವೇದಿಕೆಗಳನ್ನೇರಲಿ ಎಂದು ನಾವು ಬಯಸುವವರೂ ಅಲ್ಲ. ಆದರೆ ನಮ್ಮ ರುಚಿ ಶರೀಅತ್ ಆಗಲಾರದು. ನಮ್ಮ ಅರುಚಿ ಯಾರದೇ ಮಾನದ ಮೇಲೆ ಕೈಹಾಕಲು ಪರವಾನಗಿಯೂ ಆಗಲಾರದು.

ಅವರ ಒಂದು ಹಾಡಿನ ಹೆಸರು ‘ಗಾಡ್, ಅಲೌ ಮಿ ಪ್ಲೀಸ್ ಟು ಪ್ಲೇ ಮ್ಯೂಸಿಕ್’. ಸಂಗೀತ ನುಡಿಸಲು ಅನುಮತಿ ಕೊಡು ಎಂದು ಅಲ್ಲಾಹನೊಂದಿಗೆ ಬೇಡುವ ಶೀರ್ಷಿಕೆಯಿದು. ಓದುಗರು ಇಲ್ಲಿ ತುಸು ನಿಲ್ಲಬೇಕು. ಧರ್ಮವನ್ನು ತೊರೆದವಳು ಹೀಗೆ ಬೇಡುವುದಿಲ್ಲ. ಅವಳಿಗೆ ಅನುಮತಿಯ ಹಂಗೇ ಇರುವುದಿಲ್ಲ. ತನ್ನ ಒಡೆಯನ ಅಪ್ಪಣೆಗೆ ಬೆಲೆಯಿದೆ ಎಂದು ನಂಬಿದವಳು ಮಾತ್ರ ಆ ಬಾಗಿಲು ತಟ್ಟುತ್ತಾಳೆ. ಮದ್ರಸದ ಹುಡುಗಿಯರು ದೀನಿನ ಪ್ರಶ್ನೆಯೊಂದನ್ನು ಕೇಳಿದರು. ನಮ್ಮ ಉಮ್ಮತ್ ಅವರಿಗೆ ಕೊಟ್ಟ ಉತ್ತರವೇನು? ಬೈಗುಳ ಮತ್ತು ಕೊಲೆ ಬೆದರಿಕೆ. ಇದನ್ನು ಸಂದರ್ಶನಗಳಲ್ಲಿ ಅವರೇ ಹೇಳಿಕೊಂಡಿದ್ದಾರೆ.

ಸಂಗೀತದ ಪ್ರಶ್ನೆಗೆ ನಮ್ಮ ಪರಂಪರೆಯಲ್ಲಿ ಉತ್ತರಗಳು ಇಲ್ಲದೆ ಇಲ್ಲ. ನಾಲ್ಕೂ ಮದ್ಹಬ್‌ಗಳ ಬಹುಪಾಲು ವಿದ್ವಾಂಸರು ದಫ್ ಬಿಟ್ಟು ಹೆಚ್ಚಿನ ವಾದ್ಯಗಳನ್ನು ನಿಷಿದ್ಧವೆಂದಿದ್ದಾರೆ. ಇದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಇಮಾಮ್ ಗಝ್ಝಾಲಿ ಇಹ್ಯಾದಲ್ಲಿ ಈ ವಿಷಯಕ್ಕೆ ಒಂದು ಇಡೀ ಅಧ್ಯಾಯವನ್ನೇ ಮೀಸಲಿಟ್ಟರು. ಒಂದೇ ಏಟಿಗೆ ಹರಾಮ್ ಎನ್ನದೆ ಹಾಡುವುದು ಏನನ್ನು, ಕೇಳುವವನ ಮನಸ್ಥಿತಿ ಎಂಥದು ಎಂದು ಬಿಡಿಸಿ ನೋಡಿದರು. ಕುಡುಕರ ಕೂಟಗಳ ಗುರುತಾಗಿದ್ದ ತಂತಿವಾದ್ಯಗಳನ್ನು ಮಾತ್ರ ಅವರೂ ಒಪ್ಪಲಿಲ್ಲ. ಅಂದಲೂಸಿನ ಇಬ್ನ್ ಹಝ್ಮ್ ನಿಷೇಧದ ಹದೀಸ್‌ಗಳ ಪರಂಪರೆಯನ್ನೇ ಪ್ರಶ್ನಿಸಿದರು. ನಮ್ಮ ಕಾಲದಲ್ಲಿ ಯೂಸುಫುಲ್ ಖರ್ದಾವಿ ಷರತ್ತುಗಳೊಂದಿಗೆ ಸಂಗೀತವನ್ನು ಅನುಮತಿಸಿದರು. ಪ್ರವಾದಿ(ಸ)ರ ಮನೆಯಲ್ಲೇ ಈದ್‌ನ ದಿನ ಇಬ್ಬರು ಹುಡುಗಿಯರು ಹಾಡುತ್ತಿದ್ದುದು, ಅಬೂಬಕರ್(ರ) ಗದರಿದ್ದು, ಅವರನ್ನು ಬಿಟ್ಟುಬಿಡಿ ಎಂದು ಪ್ರವಾದಿ(ಸ) ತಡೆದದ್ದು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಅವರು ಚಿಕ್ಕ ಹುಡುಗಿಯರು, ಅಲ್ಲಿ ಗಿಟಾರ್ ಇರಲಿಲ್ಲ ಎಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪಿಸಲಿ. ಅದು ವಾದ. ವಾದಕ್ಕೆ ವಾದದಿಂದ ಉತ್ತರಿಸಬಹುದು.

ಆದರೆ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದು ವಾದವಲ್ಲ, ಅಪವಾದ. ವಾದ್ಯಗಳ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿರಬಹುದು. ಸುಶೀಲೆಯರ ಮೇಲೆ ಅಪವಾದ ಹೊರಿಸುವ ಬಗ್ಗೆ ಯಾವ ಭಿನ್ನಾಭಿಪ್ರಾಯವಿದೆ? ಸೂರಃ ಅನ್ನೂರ್‌ನ 4ನೇ ಸೂಕ್ತ ಅಂಥವನಿಂದ ನಾಲ್ವರು ಸಾಕ್ಷಿಗಳನ್ನು ಕೇಳುತ್ತದೆ. ತಾರದಿದ್ದರೆ 80 ಛಡಿಯೇಟುಗಳ ಶಿಕ್ಷೆ ವಿಧಿಸಿ, ಅವನ ಸಾಕ್ಷ್ಯವನ್ನು ಮುಂದೆಂದೂ ಸ್ವೀಕರಿಸಬೇಡಿ ಎನ್ನುತ್ತದೆ. ಅದೇ ಅಧ್ಯಾಯದಲ್ಲಿ ಮಾತೆ ಆಯಿಶಾ(ರ)ರ ಮೇಲೆ ಮದೀನದಲ್ಲಿ ಹಬ್ಬಿದ ಸುಳ್ಳಿನ ಪ್ರಸಂಗವಿದೆ. ಆ ಸುಳ್ಳನ್ನು ಕಟ್ಟಿದವರು ಕೆಲವರು. ನಾಲಗೆಯಿಂದ ನಾಲಗೆಗೆ ದಾಟಿಸಿದವರು ಹಲವರು. ಇಂದು ದಾಟಿಸಲು ನಾಲಗೆಯೂ ಬೇಡ, ಹೆಬ್ಬೆರಳು ಸಾಕು. ಫಜ್ರ್‌ನ ಅಝ್ಕಾರ್‌ಗಳನ್ನು ಕಳುಹಿಸಿದ ಅದೇ ಹೆಬ್ಬೆರಳು ಹತ್ತು ನಿಮಿಷದ ಬಳಿಕ ಇನ್ನೊಬ್ಬರ ಮಗಳ ಶೀಲದ ಕುರಿತು ಹೊಲಸನ್ನು ಕಳುಹಿಸುತ್ತದೆ.

ಈ ಕೋಪದ ಆಯ್ಕೆಯನ್ನೂ ನೋಡಬೇಕು. ಮೆಹೆಂದಿಯ ರಾತ್ರಿಗಳಲ್ಲಿ ಡಿಜೆ ಸದ್ದಿಗೆ ನೆರೆಮನೆಯ ವೃದ್ಧರು ನಿದ್ದೆ ಕಳೆದುಕೊಳ್ಳುವಾಗ, ಅಲ್ಲಿ ಸಿನಿಮಾ ಹಾಡುಗಳಿಗೆ ಮದುಮಗನ ಗೆಳೆಯರು ಕುಣಿಯುವಾಗ ಸಂಗೀತ ಹರಾಮ್ ಎಂಬ ಫತ್ವಾ ನಮ್ಮ ನೆನಪಿಗೆ ಬರುವುದಿಲ್ಲ. ಬಿರಿಯಾನಿ ಉಂಡು ಎದ್ದು ಬರುತ್ತೇವೆ. ಅದೇ ಮದುವೆಗೆ ವಧುವಿನ ತಂದೆ ಮನೆ ಅಡವಿಟ್ಟದ್ದು ಗೊತ್ತಿದ್ದರೂ ತುಟಿ ಬಿಚ್ಚುವುದಿಲ್ಲ. ಸಾವಿರಾರು ಮೈಲಿ ದೂರದ, ಎಂದೂ ಎದುರಾಗದ ಮೂವರು ಹುಡುಗಿಯರ ಮೇಲೆ ಕೋಪ ಕಾರುವುದು ಸುಲಭ. ಅದಕ್ಕೆ ಖರ್ಚಿಲ್ಲ.

ಅವರ ನಾಡಿನಲ್ಲಿ ಇದೇನೂ ಕೇಳರಿಯದ ಸಂಗತಿಯೂ ಅಲ್ಲ. 1970ರ ದಶಕದಲ್ಲೇ ರೋಮಾ ಇರಾಮಾ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಧರ್ಮಬೋಧೆಯ ಹಾಡುಗಳಿಗೆ ಜನಸಾಗರ ಸೇರಿಸಿದರು. 1975ರಲ್ಲಿ ಸೆಮರಾಂಗ್ ನಗರದಲ್ಲಿ ‘ನಸೀದಾ ರಿಯಾ’ ಎಂಬ ಖಸೀದಾ ತಂಡ ಹುಟ್ಟಿತು. ಅದರಲ್ಲಿ ಎಲ್ಲರೂ ಮಹಿಳೆಯರು, ಎಲ್ಲರೂ ಶಿರವಸ್ತ್ರಧಾರಿಗಳು. ಗಿಟಾರ್, ಬಾಸ್, ವಯಲಿನ್ ಎಲ್ಲವೂ ಅವರಲ್ಲಿದ್ದವು. ಯುದ್ಧ ಬೇಡ, ಶಾಂತಿ ಬೇಕು ಎಂದು ಅವರು ಹಾಡಿದ್ದನ್ನು ಇಂಡೋನೇಷ್ಯಾದ ಮುಸ್ಲಿಮ್ ಮನೆಗಳು ಕ್ಯಾಸೆಟ್‌ಗಳಲ್ಲಿ ಕೇಳಿ ಬೆಳೆದಿವೆ. ಗರುತ್‌ನ ಹುಡುಗಿಯರು ಅವರಿಗಿಂತ ಹೆಚ್ಚು ಗದ್ದಲ ಮಾಡುತ್ತಾರೆ, ನಿಜ. ಆದರೆ ಅವರ ಹಾಡುಗಳ ವಿಷಯಗಳನ್ನು ನೋಡಿ: ಭೂಮಿಯನ್ನು ಹಾಳುಗೆಡವುವ ಮನುಷ್ಯ, ಮಕ್ಕಳ ಮಾತಿಗೆ ಕಿವಿಗೊಡದ ಶಾಲೆ, ಹೆಣ್ಣಿನ ದೇಹ ಸಾರ್ವಜನಿಕ ಸೊತ್ತಲ್ಲ ಎಂಬ ಎಚ್ಚರಿಕೆ. ಈ ಕೊನೆಯದನ್ನು ನಮ್ಮ ಖತೀಬರು ಮಿಂಬರಿನಿಂದ ಹೇಳಿದರೆ ನಾವು ತಲೆದೂಗುತ್ತಿದ್ದೆವು.

ಇನ್ನು ಅವರನ್ನು ಹೊತ್ತು ಮೆರೆಸುವವರ ವಿಷಯ. 2022ರಲ್ಲಿ ಜರ್ಮನಿಯ ವಾಕನ್ ಉತ್ಸವ, 2024ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಅವರನ್ನು ಕರೆದವು. ಗ್ಲಾಸ್ಟನ್‌ಬರಿಯಲ್ಲಿ ನುಡಿಸಿದ ಇಂಡೋನೇಷ್ಯಾದ ಮೊದಲ ತಂಡ ಅವರದು. ಅದು ಅವರ ದುಡಿಮೆಯ ಫಲ. ಆದರೆ ಪಶ್ಚಿಮದ ಎಷ್ಟೋ ಬರಹಗಳು ಅವರ ನುಡಿಸಾಣಿಕೆಗಿಂತ ತಲೆವಸ್ತ್ರದ ಬಗ್ಗೆಯೇ ಬೆರಗುಪಟ್ಟವು. ಹಿಜಾಬ್ ‘ಇದ್ದರೂ’ ಇಷ್ಟು ನುಡಿಸುತ್ತಾರಲ್ಲ ಎಂಬ ಈ ಬೆರಗಿನಲ್ಲಿ ಒಂದು ಅವಮಾನವಿದೆ. 2021ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ರೆನ್ ನಗರದ ಉತ್ಸವದಲ್ಲಿ ಅವರಿಗೆ ಚಪ್ಪಾಳೆ ಸಿಕ್ಕಿತು. ಅದೇ ಫ್ರಾನ್ಸಿನಲ್ಲಿ 2004ರ ಕಾನೂನಿನ ಪ್ರಕಾರ ಅದೇ ವಸ್ತ್ರ ತೊಟ್ಟ ಹುಡುಗಿ ಸರಕಾರಿ ಶಾಲೆಯ ತರಗತಿಗೆ ಕಾಲಿಡುವಂತಿಲ್ಲ. ವೇದಿಕೆಯ ಮೇಲೆ ಹಿಜಾಬ್ ಸ್ವಾತಂತ್ರ್ಯ, ಬೆಂಚಿನ ಮೇಲೆ ಅಪರಾಧ! ಅವರು ವಾಕನ್‌ನಲ್ಲಿ ನುಡಿಸಿದ ಅದೇ 2022ರಲ್ಲಿ ನಮ್ಮ ಉಡುಪಿಯ ಹುಡುಗಿಯರು ಕಾಲೇಜಿನ ಗೇಟಿನ ಹೊರಗೆ ನಿಂತಿದ್ದರು. ಮಾರ್ಚ್ 15ರಂದು ಹೈಕೋರ್ಟು ಅವರ ವಿರುದ್ಧ ತೀರ್ಪಿತ್ತಿತು. ಹುಡುಗಿಯ ತಲೆಯ ಮೇಲಿನ ಬಟ್ಟೆಯ ಬಗ್ಗೆ ಎಲ್ಲರಿಗೂ ಮಾತಿದೆ. ಅವಳ ತಲೆಯೊಳಗೆ ಏನಿದೆ ಎಂದು ಕೇಳುವವರು ಅಲ್ಲೂ ಕಡಿಮೆ, ಇಲ್ಲೂ ಕಡಿಮೆ.

ನಮ್ಮ ಕುಟುಂಬದ ಗುಂಪಿನಲ್ಲಿ ಆ ದಿನ ಬೈಗುಳಗಳ ನಡುವೆ ಇನ್ನೊಂದು ಸಂದೇಶವೂ ಇತ್ತು. ಎಂಟನೇ ತರಗತಿಯಲ್ಲಿ ಓದುವ ನಮ್ಮ ಸಹೋದರನ ಮಗಳು ತಾಯಿಯ ಫೋನಿನಿಂದ ಕೇಳಿದ್ದಳು: “ದೊಡ್ಡಪ್ಪ, ಹಾಗಾದ್ರೆ ಮೀಲಾದ್‌ಗೆ ಹುಡುಗ್ರು ದಫ್ ಬಾರಿಸ್ತಾರಲ್ಲ, ನಾವು ಹುಡುಗೀರು ಮನೆಯೊಳಗೆ ಬಾರಿಸಬಹುದಾ?” ಯಾರೂ ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಆ ಸಂದೇಶ ಅಳಿಸಿಹೋಗಿತ್ತು. ಅಳಿಸಿದವಳು ಅವಳೋ ತಾಯಿಯೋ ತಿಳಿಯದು. ಬರುವ ಶುಕ್ರವಾರ ಅವರ ಮನೆಗೆ ಹೋಗಲಿದ್ದೇವೆ. ಆಯಿಶಾ(ರ)ರ ಮನೆಯ ಆ ಈದ್‌ನ ಹದೀಸನ್ನು ಅವಳ ಮುಂದೆ ಕುಳಿತು ಓದಬೇಕೆಂದಿದ್ದೇವೆ. ಆಮೇಲೆ ಅವಳು ಏನು ಕೇಳಿದರೂ ಕೇಳಲಿ.