ಬಾಗಿಲವರೆಗೂ ಬಾರದವಳ ನಾಟಕ ಬರೆಯೋರು ಯಾರು?

ಚಪ್ಪಾಳೆ ಬಲು ಅಗ್ಗದ ಸರಕು. ತೊಂಬತ್ತು ವರ್ಷದ ಹಿಂದಿನ ಅನ್ಯಾಯಕ್ಕೆ ಇವತ್ತು ಕಣ್ಣೀರು ಹಾಕೋದಕ್ಕೆ ಯಾರ ಗಂಟೂ ಹೋಗುವುದಿಲ್ಲ. ಇಂದಿರಾನಗರದ ಸಭಾಂಗಣವೊಂದರಲ್ಲಿ ವಿಜ್ಞಾನಿ ಕಮಲಾ ಸೊಹೊನಿಯವರ ಬದುಕಿನ ಇಂಗ್ಲಿಷ್ ನಾಟಕ ನೋಡಿದ ನಾವು ಈ ಮಾತನ್ನು ಹೇಳಲೇಬೇಕಾಗಿದೆ.

ಕಥೆ ನಿಜದ್ದೇ. 1933ರಲ್ಲಿ ಮುಂಬಯಿಯ ಪದವೀಧರೆ ಕಮಲಾ ಭಾಗವತ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ನಿರ್ದೇಶಕರು ಸರ್ ಸಿ.ವಿ. ರಾಮನ್. ಹೆಣ್ಣು ಅನ್ನೋ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕಾರ. ಬೆಳಕು ಚದುರುವ ಬಗೆ ಕಂಡ ಕಣ್ಣಿಗೆ ಎದುರು ನಿಂತ ಹುಡುಗಿಯ ಬುದ್ಧಿ ಕಾಣಲಿಲ್ಲ! ಸತ್ಯಾಗ್ರಹ ಕೂರ್ತೀನಿ ಅಂದಮೇಲೆ ಒಳಗೆ ಬಿಟ್ಟರು, ಅದೂ ಒಂದು ವರ್ಷ ಪರೀಕ್ಷೆಯ ಮೇಲೆ, ಷರತ್ತು ಹಾಕಿ. ಆಕೆ 1939ರಲ್ಲಿ ಕೇಂಬ್ರಿಜ್‌ನ ಡಾಕ್ಟರೇಟ್ ಪಡೆದರು. ರಾಮನ್ ಪ್ರಯೋಗಾಲಯದಲ್ಲೇ ದುಡಿದ ಅನ್ನಾ ಮಣಿಗೆ ಎಂ.ಎಸ್ಸಿ. ಇಲ್ಲ ಅಂತ ಮದರಾಸು ವಿಶ್ವವಿದ್ಯಾಲಯ ಡಾಕ್ಟರೇಟನ್ನೇ ಕೊಡಲಿಲ್ಲ.

ಈ ಅವಮಾನ ನಮ್ಮದೂ ಹೌದು. ಕಮಲಾ ಅವರ ಹಟಕ್ಕೆ ನಮ್ಮ ನಮಸ್ಕಾರ.

ಆದರೆ ಗೆಳೆಯರೇ, ನಾಟಕ ಬಾಗಿಲು ತೆರೆದಲ್ಲಿಗೆ ಮುಗಿಯಿತು. ಆ ಬಾಗಿಲವರೆಗೆ ಬರೋಕೆ ಯಾರಿಗೆ ದಾರಿಯಿತ್ತು ಅಂತ ಯಾರೂ ಕೇಳಲಿಲ್ಲ. ಕಮಲಾ ಅವರ ಅಪ್ಪ, ಅಪ್ಪನ ಸೋದರ ಇಬ್ಬರೂ ರಸಾಯನ ವಿಜ್ಞಾನಿಗಳು. ಅದೇ 1933ರಲ್ಲಿ ನಮ್ಮ ಕೇರಿಯ ಹುಡುಗಿ ಎಲ್ಲಿದ್ದಳು? ಊರ ಬಾವಿಯಿಂದ ದೂರ, ಶಾಲೆಯ ಜಗಲಿಯಿಂದ ದೂರ. ಅವಳ ಅರ್ಜಿ ತಿರಸ್ಕರಿಸುವ ತೊಂದರೆಯನ್ನು ಯಾವ ನಿರ್ದೇಶಕರೂ ತಗೊಳ್ಳಬೇಕಿರಲಿಲ್ಲ. ಊರೇ ಆ ಕೆಲಸ ಮಾಡಿ ಮುಗಿಸಿತ್ತು.

ಇನ್ನೊಂದು ಮಾತು. ಕಮಲಾ ಮುಂದೆ ನೀರಾದ ಪೌಷ್ಟಿಕತೆಯ ಮೇಲೆ ಸಂಶೋಧನೆ ಮಾಡಿದರು. ಬಡ ಬುಡಕಟ್ಟು ಮಕ್ಕಳಿಗೆ, ಬಸುರಿಯರಿಗೆ ಅದು ಆಹಾರವಾಗಬಲ್ಲದೆಂದು ತೋರಿಸಿದರು. ಆ ಮರ ಹತ್ತಿ, ಹೊತ್ತು ನೋಡಿ, ಹುಳಿಯಾಗೋ ಮೊದಲು ಇಳಿಸೋನಿಗೆ ಗೊತ್ತಿರೋದೂ ವಿಜ್ಞಾನ ಅಲ್ಲವೇ? ಅವನಿಗೆ ನಾಟಕದಲ್ಲಿ ಒಂದು ಮಾತೂ ಇರಲಿಲ್ಲ.

ಈ ಸೀಮೆಯಲ್ಲೇ ನೋಡಿ. ಕೆ.ಆರ್. ಪುರದ ದೂರವಾಣಿನಗರದಲ್ಲಿ 1948ರಲ್ಲಿ ಐ.ಟಿ.ಐ. ಶುರುವಾಯಿತು. ದೇಶದ ಟೆಲಿಫೋನುಗಳನ್ನು ಅಲ್ಲಿ ಹೆಂಗಸರ ಬೆರಳುಗಳೂ ಜೋಡಿಸಿದವು. ಅವರು ವಿಜ್ಞಾನದ ಚರಿತ್ರೆಯಲ್ಲಿಲ್ಲ, ಹಾಜರಿ ಪುಸ್ತಕದಲ್ಲಿದ್ದಾರೆ. ಹಲಸೂರು, ಶಿವಾಜಿನಗರದ ಬೀದಿಗಳನ್ನು ನಸುಕಿಗೇ ಗುಡಿಸುವ ಪೌರಕಾರ್ಮಿಕ ಹೆಂಗಸರ ಮಗಳು ಪ್ರಯೋಗಾಲಯ ತೊಳೆಯೋಕೆ ಹೋದರೆ ಯಾರ ಗಮನವೂ ಕೆಡೋದಿಲ್ಲ. ಸಂಶೋಧನೆಗೆ ಹೋದರೆ ಮಾತ್ರ 'ಅರ್ಹತೆ'ಯ ಪುರಾಣ ಬಿಚ್ಚುತ್ತಾರೆ. ವಿಜ್ಞಾನ ಲೇಖಕನಾಗಬೇಕೆಂದಿದ್ದ ರೋಹಿತ್ ವೇಮುಲ 2016ರಲ್ಲಿ ಹೈದರಾಬಾದಿನಲ್ಲಿ ಸತ್ತದ್ದನ್ನು ಮರೆಯೋಣವೇ? ಬಾಗಿಲು ತೆರೆದಿದೆ ಅಂತಾರೆ. ಒಳಗಿರೋ ಬಾಗಿಲುಗಳ ಲೆಕ್ಕ ಕೊಡೋರು ಯಾರು?

ಹಳ್ಳಿಯ ಮೇಷ್ಟ್ರೇ, ನಿಮ್ಮ ಶಾಲೆಯ ವಿಜ್ಞಾನದ ಬೀರುವಿನ ಬೀಗ ತೆಗೀರಿ. ಗಾಜಿನ ನಳಿಗೆ ಮೊದಲು ಕೇರಿಯ ಹುಡುಗಿಯ ಕೈಗೆ ಕೊಡಿ. ಒಡೆದರೆ ಒಡೀಲಿ. ವಿದ್ಯಾರ್ಥಿ ಮಿತ್ರರೇ, ನಿಮ್ಮ ವಿಭಾಗದಲ್ಲಿ ನಮ್ಮವರ ಮೀಸಲು ಸೀಟು ಎಷ್ಟು ಖಾಲಿ ಇದೆ, ಯಾಕೆ ಖಾಲಿ ಇದೆ ಅಂತ ಬರೆದು ಕೇಳಿ.

ನಾಟಕದವರಿಗೂ ಒಂದು ಮಾತು. ಒಂದು ದಿನದ ಕೂಲಿಯನ್ನೇ ಟಿಕೆಟ್ಟಿಗೆ ಕೇಳಬೇಡಿ. ಕೆ.ಆರ್. ಪುರದ ಬಯಲಿಗೆ ಬನ್ನಿ. ಕನ್ನಡದಲ್ಲಿ, ತಮಿಳಿನಲ್ಲಿ, ದಖನಿಯಲ್ಲಿ ಆಡಿ. ಅಲ್ಲಿ ಚಪ್ಪಾಳೆ ಕಮ್ಮಿ ಬೀಳಬಹುದು, ಪ್ರಶ್ನೆ ಮಾತ್ರ ಕಮ್ಮಿಯಾಗೋದಿಲ್ಲ.