ನೀರಗಂಟಿ ಇಲ್ಲದ ಕೆರೆಗಳು

1892ರ ಜುಲೈ 12ರ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಫ್ರಾನ್ಸಿನ ಮಾಂಟ್ ಬ್ಲಾಂಕ್ ಬೆಟ್ಟಸಾಲಿನ ತೇತ್ ರೂಸ್ ಎಂಬ ಪುಟ್ಟ ಹಿಮನದಿಯ ಮೂತಿ ಕಿತ್ತುಬಂತು. ಅದರ ಹೊಟ್ಟೆಯೊಳಗೆ ಕೂಡಿಕೊಂಡಿದ್ದ ನೀರು ದಾರಿಯಲ್ಲಿ ಸಿಕ್ಕ ಕಲ್ಲು, ಮಣ್ಣು, ಮರಗಳನ್ನೆಲ್ಲ ಬಾಚಿಕೊಂಡು ಕಣಿವೆಗೆ ಇಳಿಯಿತು. ಕೆಳಗಿದ್ದ ಸೇಂಟ್ ಜೆರ್ವೆ ಊರಿನ ಬಿಸಿನೀರಿನ ಸ್ನಾನಗೃಹದಲ್ಲಿ, ಸುತ್ತಲ ಹಳ್ಳಿಗಳಲ್ಲಿ ಮಲಗಿದ್ದ ಸುಮಾರು 175 ಜನ ಪ್ರಾಣ ಬಿಟ್ಟರು. ಹಿಂದಿನ ದಿನ ಸಂಜೆ ಯಾರಾದರೂ ಬೆಟ್ಟದ ಕಡೆ ತಲೆ ಎತ್ತಿ ನೋಡಿದ್ದರೂ ಅವರಿಗೆ ಕಾಣುತ್ತಿದ್ದದ್ದು ಬಿಳಿ ಹಿಮ ಮಾತ್ರ.

ಹಿಮದಡಿಯ ಕೆರೆಗಳ ಅಪಾಯವಿರುವುದೇ ಇಲ್ಲಿ. ನಮ್ಮೂರಿನ ಕೆರೆಗೆ ಏರಿಯಿದೆ, ತೂಬಿದೆ, ಕೋಡಿಯಿದೆ. ಏರಿ ಜಿನುಗಿದರೆ ನೀರಗಂಟಿಯ ಕಣ್ಣಿಗೆ ಬೀಳುತ್ತದೆ, ಊರಿಗೆ ಸುದ್ದಿ ಹೋಗುತ್ತದೆ. ಹಿಮದ ಹೊಟ್ಟೆಯಲ್ಲಿರುವ ನೀರು ಯಾರಿಗೂ ಅಂಥ ಸೂಚನೆ ಕೊಡುವುದಿಲ್ಲ.

ಇಂಥ ಕೆರೆಗಳು ಅಪರೂಪವೂ ಅಲ್ಲ. ಭೂಮಿಯೊಳಗಿನ ಶಾಖ ಅಡಿಯಿಂದ ಬರುತ್ತದೆ, ಮೇಲಿನ ಮಂಜುಗಡ್ಡೆ ಕಂಬಳಿಯಂತೆ ಅದನ್ನು ಹಿಡಿದಿಡುತ್ತದೆ, ಭಾರಕ್ಕೆ ಕರಗುವ ಬಿಂದುವೂ ಇಳಿಯುತ್ತದೆ. ಹೀಗಾಗಿ ಶೂನ್ಯಕ್ಕಿಂತ ಕೆಳಗಿನ ಉಷ್ಣತೆಯಲ್ಲೂ ತಳದಲ್ಲಿ ನೀರು ನೀರಾಗಿಯೇ ಉಳಿಯುತ್ತದೆ. ಅಂಟಾರ್ಕ್ಟಿಕಾದ ವೋಸ್ಟಾಕ್ ಸರೋವರ ಸುಮಾರು 250 ಕಿಲೋಮೀಟರ್ ಉದ್ದವಿದೆ. ಅದರ ಮೇಲಿರುವ ಮಂಜಿನ ದಪ್ಪ ಹತ್ತಿರ ಹತ್ತಿರ ನಾಲ್ಕು ಕಿಲೋಮೀಟರ್. 2022ರಲ್ಲಿ ಪ್ರಕಟವಾದ ಜಾಗತಿಕ ಪಟ್ಟಿಯಲ್ಲಿ ಹಿಮದಡಿಯ 773 ಕೆರೆಗಳಿವೆ. ಆ ಪೈಕಿ 675 ಅಂಟಾರ್ಕ್ಟಿಕಾದವೇ. ಕಣಿವೆಗಳಲ್ಲಿ ಹರಿಯುವ ಹಿಮನದಿಗಳ ಪಾಲು ಬರೇ 26. ಈ 26 ಎಂಬ ಸಂಖ್ಯೆ ನಮ್ಮ ನಿದ್ದೆ ಕೆಡಿಸಬೇಕು. ಜನವಸತಿಯ ನೆತ್ತಿಯ ಮೇಲೆ ಕೂತಿರುವುದು ಕಣಿವೆಯ ಹಿಮನದಿಗಳು, ನಾವು ಅತಿ ಕಡಿಮೆ ಹುಡುಕಿರುವುದೂ ಅವುಗಳಲ್ಲೇ.

ಮುನ್ಸೂಚನೆ ಸಾಧ್ಯವೇ ಇಲ್ಲ ಎನ್ನುವವರು ಐಸ್‌ಲ್ಯಾಂಡಿನ ಕಡೆ ನೋಡಲಿ. 1996ರ ಸೆಪ್ಟೆಂಬರ್ ಕೊನೆಯಲ್ಲಿ ಅಲ್ಲಿನ ವಾತ್ನಾಯೋಕುಲ್ ಹಿಮರಾಶಿಯ ಅಡಿ ಜ್ವಾಲಾಮುಖಿ ಸಿಡಿಯಿತು. ಕರಗಿದ ನೀರು ಗ್ರಿಮ್ಸ್‌ವೋಟ್ನ್ ಎಂಬ ಹಿಮದಡಿಯ ಕೆರೆಗೆ ತುಂಬುತ್ತ ಹೋಯಿತು. ಕೆರೆಯ ಮೇಲಿನ ಹಿಮದ ಮುಚ್ಚಳ ದಿನದಿಂದ ದಿನಕ್ಕೆ ಏರುವುದನ್ನು ವಿಜ್ಞಾನಿಗಳು ಅಳೆಯುತ್ತಲೇ ಇದ್ದರು. ರಸ್ತೆ ಮುಚ್ಚಲಾಯಿತು. ನವೆಂಬರ್ 5ರಂದು ನೀರು ನುಗ್ಗಿದಾಗ ಸೆಕೆಂಡಿಗೆ 40,000 ಘನ ಮೀಟರಿಗೂ ಹೆಚ್ಚಿನ ಪ್ರವಾಹ ಸೇತುವೆಗಳನ್ನು ಕಿತ್ತೊಗೆಯಿತು. ಆದರೆ ಒಂದು ಜೀವವೂ ಹೋಗಲಿಲ್ಲ.

ತೇತ್ ರೂಸ್‌ನ ಎರಡನೆಯ ಕಥೆ ಇನ್ನೂ ಹತ್ತಿರದ್ದು. 1892ರ ದುರಂತದ ಬಳಿಕ ನೀರು ಬಸಿಯಲೆಂದು ಅಲ್ಲಿ ಸುರಂಗ ಕೊರೆದಿದ್ದರು. ನೂರು ವರ್ಷ ಕಳೆದ ಮೇಲೆ ಒಂದು ಪ್ರಶ್ನೆ ಎದ್ದಿತು: ಈ ಸುರಂಗವನ್ನು ಇನ್ನೂ ಕಾಪಾಡಿಕೊಂಡು ಹೋಗಬೇಕೆ? ಉತ್ತರಕ್ಕಾಗಿ 2007ರಿಂದ ಹಿಮನದಿಯ ಮೇಲೆ ರೇಡಾರ್ ಹಿಡಿದು ನಡೆದರು, ಅಯಸ್ಕಾಂತೀಯ ಅನುರಣನ ತಂತ್ರದಿಂದ ಒಳಗಿನ ನೀರು ಅಳೆದರು. ಸುರಂಗ ಕೈಬಿಡಬಹುದೇ ಎಂದು ಕೇಳಲು ಹೋದವರಿಗೆ ಸಿಕ್ಕಿದ್ದು 50,000 ಘನ ಮೀಟರಿಗೂ ಮಿಕ್ಕಿದ ನೀರು. ಹಿಮನದಿಯ ಮೂತಿ ತಳದವರೆಗೆ ಹೆಪ್ಪುಗಟ್ಟಿ ಬಿರಡೆಯಂತೆ ಕೂತಿತ್ತು, ಹಿಂದೆ ನೀರು ಒತ್ತುತ್ತಿತ್ತು. ಮೇಲೆ ಹಿಮದ ಹೊದಿಕೆ ತೆಳುವಾದರೆ ಚಳಿಗಾಲದ ಶೀತ ಮಂಜುಗಡ್ಡೆಯ ಆಳಕ್ಕಿಳಿಯುತ್ತದೆ. ಅಂದರೆ ಜಗತ್ತು ಬಿಸಿಯಾಗುತ್ತಿರುವಾಗಲೇ ಕೆಲವು ಹಿಮನದಿಗಳ ಮೂತಿ ಇನ್ನಷ್ಟು ಬಿಗಿದುಕೊಳ್ಳಬಹುದು. 2010ರ ಬೇಸಿಗೆ ಮುಗಿಯುತ್ತಿದ್ದಂತೆ ಪಂಪ್ ಹಚ್ಚಿ ಸುಮಾರು 48,000 ಘನ ಮೀಟರ್ ನೀರು ಹೊರತೆಗೆದರು. 2011, 2012ರಲ್ಲಿ ಮತ್ತೆ ತೆಗೆಯಬೇಕಾಯಿತು. ಕಣಿವೆಯಲ್ಲಿ ಸೈರನ್ ಅಳವಡಿಸಿದರು. ಸುಮಾರು 3,000 ಜನರ ಬದುಕು ಉಳಿದದ್ದು ಸಕಾಲಕ್ಕೆ ಕೇಳಿದ ಒಂದು ಪ್ರಶ್ನೆಯಿಂದ.

ನಮ್ಮ ಹಿಮಾಲಯದಲ್ಲಿ ಈ ಪ್ರಶ್ನೆಯನ್ನು ಯಾರು ಕೇಳುತ್ತಿದ್ದಾರೆ?

ಕಣ್ಣಿಗೆ ಕಾಣುವ ಕೆರೆಗಳ ವಿಷಯದಲ್ಲೇ ನಾವು ತಡಮಾಡಿದವರು. ಸಿಕ್ಕಿಮಿನ ದಕ್ಷಿಣ ಲೋನಾಕ್ ಸರೋವರ ಅಪಾಯಕಾರಿ ಎಂದು 2013ರಲ್ಲೇ ವಿಜ್ಞಾನಿಗಳು ಬರೆದಿದ್ದರು. 2023ರ ಅಕ್ಟೋಬರ್ 3ರ ರಾತ್ರಿ ಅದು ಒಡೆಯಿತು. ಚುಂಗ್‌ತಾಂಗ್‌ನಲ್ಲಿದ್ದ 1,200 ಮೆಗಾವಾಟ್‌ನ ತೀಸ್ತಾ-3 ಯೋಜನೆಯ ಅಣೆಕಟ್ಟು ಕೊಚ್ಚಿಹೋಯಿತು, ಹಲವು ಹತ್ತು ಜನ ಸತ್ತರು, ಹಲವರ ಹೆಣವೂ ಸಿಗಲಿಲ್ಲ. ಅದಾದ ಮೇಲೆ 2024ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಹಿಮಾಲಯದ ರಾಜ್ಯಗಳಿಗೆ 150 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಇದು ಸ್ವಾಗತಾರ್ಹ. ಆದರೆ ಅದರ ಕೈಯಲ್ಲಿರುವ ಪಟ್ಟಿ ಉಪಗ್ರಹದ ಚಿತ್ರದಲ್ಲಿ ನೀಲಿ ಮಚ್ಚೆಯಾಗಿ ಕಂಡ ಕೆರೆಗಳದ್ದು. ತೇತ್ ರೂಸ್‌ನಂಥದ್ದು ಅಂಥ ಯಾವ ಪಟ್ಟಿಗೂ ಬರುವುದಿಲ್ಲ.

ಇದನ್ನು ಸರಿಪಡಿಸುವ ಶಕ್ತಿ ನಮ್ಮಲ್ಲಿಲ್ಲ ಎನ್ನುವಂತಿಲ್ಲ. ಇಸ್ರೋ ಮತ್ತು ನಾಸಾ ಸೇರಿ ರೂಪಿಸಿದ ನಿಸಾರ್ ಉಪಗ್ರಹವನ್ನು ಜೋಡಿಸಿದ್ದು ಬೆಂಗಳೂರಿನಲ್ಲಿ. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಅದು ಮೇಲೇರಿತು. ಹಿಮದ ಮೈ ಕೆಲವೇ ಸೆಂಟಿಮೀಟರ್ ಉಬ್ಬಿದರೂ ಕುಸಿದರೂ ಅದು ಗುರುತಿಸಬಲ್ಲದು. ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದವರು ಹಿಮದ ದಪ್ಪ ಲೆಕ್ಕಹಾಕಿ, ಅದರಡಿಯ ಬಂಡೆಯಲ್ಲಿ ಬೋಗುಣಿಯಂಥ ತಗ್ಗುಗಳು ಎಲ್ಲಿವೆ ಎಂದು ಗುರುತಿಸುತ್ತ ಬಂದಿದ್ದಾರೆ. ಮುಂದೆ ಕೆರೆ ಮೂಡುವ ತಾಣಗಳವು. ಈ ಎರಡೂ ಅರಿವನ್ನು ಒಂದೇ ಮೇಜಿಗೆ ತಂದರೆ ಎಲ್ಲಿ ಹುಡುಕಬೇಕು ಎಂಬುದು ತಿಳಿಯುತ್ತದೆ. ಉಪಗ್ರಹವೊಂದೇ ಸಾಲದು ಎಂಬುದನ್ನೂ ಒಪ್ಪಿಕೊಳ್ಳಬೇಕು. ಮೈ ಉಬ್ಬಿದ್ದು ಏಕೆ ಎಂದು ಹೇಳಲು ರೇಡಾರ್ ಹೊತ್ತು ಹಿಮದ ಮೇಲೆ ನಡೆಯುವವರು ಬೇಕು, ಕೊಳವೆ ಕೊರೆದು ನೀರಿನ ಒತ್ತಡ ಅಳೆಯುವವರು ಬೇಕು.

ಭಾರತದ ಹಿಮಾಲಯದಲ್ಲಿ 9,575 ಹಿಮನದಿಗಳಿವೆ ಎಂದು ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಲೆಕ್ಕ. ಎಲ್ಲವನ್ನೂ ಅಳೆಯಿರಿ ಎಂದು ನಾವು ಕೇಳುತ್ತಿಲ್ಲ. ಕೆಳಗೆ ಊರು, ಯಾತ್ರೆಯ ದಾರಿ ಅಥವಾ ಜಲವಿದ್ಯುತ್ ಕಾಮಗಾರಿ ಇರುವ, ಅಡಿಯಲ್ಲಿ ತಗ್ಗು ಇರುವ ಹಿಮನದಿಗಳಿಂದ ಶುರುಮಾಡಲಿ. ಕೇದಾರದ ದಾರಿಯಲ್ಲಿ ಪ್ರತಿ ವರ್ಷ ಕನ್ನಡಿಗರೂ ನಡೆಯುತ್ತಾರೆ. 2013ರ ಜೂನಿನಲ್ಲಿ ದೇಗುಲದ ಮೇಲಿದ್ದ ಚೋರಾಬಾರಿ ಕೆರೆ ಒಡೆದಾಗ ಕೆಳಗಿದ್ದವರಿಗೆ ಓಡಿ ಎಂದು ಹೇಳಲು ಒಂದು ಸೈರನ್ ಇರಲಿಲ್ಲ. ನದಿಯ ನೀರು ಕಾರಣವಿಲ್ಲದೆ ಕದಡಿದರೆ, ಇದ್ದಕ್ಕಿದ್ದಂತೆ ಬತ್ತಿದರೆ ಅದನ್ನು ಮೊದಲು ಕಾಣುವವರು ದಡದ ಹಳ್ಳಿಯವರು ಮತ್ತು ಕುರಿಗಾಹಿಗಳು. ಆ ಸುದ್ದಿ ಹೇಳಲು ಒಂದು ಫೋನ್ ಸಂಖ್ಯೆ, ಕೇಳಿಸಿಕೊಳ್ಳಲು ಹಗಲುರಾತ್ರಿ ಒಬ್ಬ ಮನುಷ್ಯ, ಸೈರನ್ ಕೂಗಿದಾಗ ಹತ್ತಬೇಕಾದ ದಿಬ್ಬದ ಗುರುತು, ಇಷ್ಟನ್ನು ಮುಂದಿನ ಯಾತ್ರೆಯ ಬಾಗಿಲು ತೆರೆಯುವ ಮುನ್ನ ಮಾಡಿ ಮುಗಿಸಬಹುದು. ರೇಡಾರ್ ತಂಡಗಳು ಮಳೆ ನಿಂತ ಕೂಡಲೇ ಹೊರಡಲಿ.